ಅಡ್ಡಮಳೆ, ಅವಕಾಳಿ



ನಮ್ಮ ಮಾಲೇಗಾಂವ್‌ನಲ್ಲಿ ಗಿರಣಾ ನದಿಯನ್ನು ಕೂಡಿಕೊಳ್ಳುವ ಹೊಳೆಯ ಹೆಸರು ಮೋಸಂ. ಉರ್ದು ಮಾತಾಡುವ ನೆರೆಯವರ ಬಾಯಲ್ಲಿ ಅದು 'ಮೌಸಮ್' ಆಗಿ, ಹವಾಮಾನವೇ ಊರ ನಡುವೆ ಹರಿದಂತೆ ಕೇಳಿಸುತ್ತದೆ. ಕನ್ನಡದ ಕಿವಿಗೆ ಮಾತ್ರ ಬರೀ 'ಮೋಸ'. ಏಪ್ರಿಲ್-ಮೇ ತಿಂಗಳಲ್ಲಿ ಎರಡು ಅರ್ಥವೂ ಸರಿಯೇ!

ಈ ಹೊಳೆ ಬರುವುದು ಪಶ್ಚಿಮಕ್ಕಿರುವ ಬಾಗ್ಲಾಣದ ಬೆಟ್ಟಗಳಿಂದ. 1567 ಮೀಟರ್ ಎತ್ತರದ ಸಾಲ್ಹೇರ್ ಕೋಟೆ ಇರುವುದು ಅಲ್ಲಿಯೇ. ಬೇಸಿಗೆಯ ಕೊನೆಯಲ್ಲಿ ಬೆಳಿಗ್ಗೆ ಆಕಾಶ ತೊಳೆದಿಟ್ಟ ತಟ್ಟೆಯಂತಿರುತ್ತದೆ. ಮಧ್ಯಾಹ್ನ ಬಿಸಿಲು 40 ಡಿಗ್ರಿ ದಾಟುತ್ತದೆ. ನಾಲ್ಕು ಗಂಟೆಗೆ ಬೆಟ್ಟದ ಕಡೆಯಿಂದ ಕರಿಮೋಡ, ಧೂಳು, ಗುಡುಗು. ಹಪ್ಪಳ ಒಣಹಾಕಿದವರ ಪಾಡು ಕೇಳಬೇಡಿ. ಅರ್ಧ ಗಂಟೆಯಲ್ಲಿ ಮತ್ತೆ ಬಿಸಿಲು.

ನಾನು ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ. ಅಲ್ಲಿ ಇದಕ್ಕೆ ಅಡ್ಡಮಳೆ ಎನ್ನುತ್ತಾರೆ. ಆಣಿಕಲ್ಲು ಬಿದ್ದರೆ ಮಕ್ಕಳಿಗೆ ಹಬ್ಬ. ಬಟ್ಟಲು ಹಿಡಿದು ಅಂಗಳಕ್ಕೆ ಓಡುತ್ತಿದ್ದೆವು. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎನ್ನುತ್ತಾ ಹಿರಿಯರು ನೇಗಿಲು ಸರಿಮಾಡಿಕೊಳ್ಳುತ್ತಿದ್ದರು. ಕೊಡಗು, ಚಿಕ್ಕಮಗಳೂರಿನಲ್ಲಿ ಕಾಫಿ ಹೂವು ಅರಳುವುದೂ ಬೇಸಿಗೆಯ ಮಳೆಯಿಂದಲೇ. ಬಿ.ಎ.ಯಲ್ಲಿ ಇಂಗ್ಲಿಷ್ ಓದುವಾಗ ಚಾಸರ್ ಕವಿ ತನ್ನ 'ಕ್ಯಾಂಟರ್ಬರಿ ಟೇಲ್ಸ್' ಅನ್ನು ಏಪ್ರಿಲ್ ಮಳೆಯಿಂದ ಆರಂಭಿಸಿದ್ದು ಕಂಡು, ಇವನೂ ನಮ್ಮ ಕಡೆಯವನೇ ಎನಿಸಿತ್ತು.

ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅದೇ ಮಳೆಗೆ ಬೇರೆ ಹೆಸರು ಕೇಳಿದೆ: ಅವಕಾಳಿ. ಅಂದರೆ ಕಾಲವಲ್ಲದ ಕಾಲದಲ್ಲಿ ಬಂದದ್ದು. ಮರಾಠಿಯಲ್ಲಿ 'ವಳೀವ' ಎಂಬ ಚಂದದ ಮಾತೂ ಉಂಟು, ನಮ್ಮ ಅಡ್ಡಮಳೆಯ ಅಕ್ಕನಂತೆ. ಆದರೆ ಸಂತೆಯಲ್ಲಿ ನನಗೆ ಕೇಳಿಸುವುದು ಅವಕಾಳಿಯೇ ಹೆಚ್ಚು. ಮಗ ಐದನೆಯ ತರಗತಿಯಲ್ಲಿದ್ದಾಗ ಒಮ್ಮೆ, "ಅಮ್ಮಾ, ಅಜ್ಜಿ ಮನೇಲಿ ಮಳೆ ಬಂದ್ರೆ ಎಲ್ಲರೂ ನಗ್ತಾರೆ, ಇಲ್ಲಿ ಯಾಕೆ ಯಾರೂ ನಗೋದಿಲ್ಲ?" ಎಂದು ಕೇಳಿದ.

ಉತ್ತರ ಹೊಲದಲ್ಲಿತ್ತು. ಈ ಕಣಿವೆಯ ಬೇಸಿಗೆ ಉಳ್ಳಾಗಡ್ಡಿಯನ್ನು ಚಳಿಗಾಲದಲ್ಲಿ ನಾಟಿ ಮಾಡಿ ಮಾರ್ಚ್ ಕೊನೆಯಿಂದ ಮೇ ತನಕ ಕೀಳುತ್ತಾರೆ. ಕಿತ್ತ ಗಡ್ಡೆಯನ್ನು ಅದರದೇ ಎಲೆ ಮುಚ್ಚಿ ಕೆಲವು ದಿನ ಹೊಲದಲ್ಲೇ ಒಣಗಲು ಬಿಡಬೇಕು. ಕುತ್ತಿಗೆ ಒಣಗಿ ಸಿಪ್ಪೆ ಗರಿಗರಿಯಾದರೆ ಮಾತ್ರ ಅದು 'ಕಾಂದಾ ಚಾಳಿ'ನಲ್ಲಿ, ಅಂದರೆ ಗಾಳಿಯಾಡುವಂತೆ ಪಟ್ಟಿ ಬಡಿದ ಉದ್ದನೆಯ ಕೊಟ್ಟಿಗೆಯಲ್ಲಿ, ದೀಪಾವಳಿಯ ಹೊತ್ತಿನವರೆಗೆ ತಾಳೀತು. ಆ ನಾಲ್ಕು ದಿನಗಳಲ್ಲಿ ಒಂದು ಮಳೆ ಬಿದ್ದರೆ ಸಾಕು. ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಒಳಗಿನಿಂದ ಕೊಳೆಯುತ್ತದೆ. ಒಂದು ಕೊಳೆತರೆ ಪಕ್ಕದ್ದೂ ಹೋಯಿತು. ಸಾಲ ಮಾತ್ರ ಕೊಳೆಯುವುದಿಲ್ಲ.

ವಿಚಿತ್ರ ನೋಡಿ, ಆಣಿಕಲ್ಲನ್ನು ಕತ್ತರಿಸಿದರೆ ಅದೂ ಉಳ್ಳಾಗಡ್ಡಿಯಂತೆ ಪದರ ಪದರವಾಗಿರುತ್ತದೆ. ಕಾದ ನೆಲದಿಂದ ಏರುವ ಗಾಳಿ ನೀರಹನಿಯನ್ನು ಮೋಡದ ಮೇಲ್ಭಾಗದ ಕೊರೆಯುವ ಚಳಿಗೆ ಒಯ್ದು ಹೆಪ್ಪುಗಟ್ಟಿಸುತ್ತದೆ. ಅಲ್ಲಿ ಮೇಲೆ ಕೆಳಗೆ ತೂಗಾಡುತ್ತಾ ಮಂಜಿನ ಪದರ ಕೂಡಿ ಭಾರವಾದಾಗ ಬೀಳುತ್ತದೆ. ಕೆಳಗೆ ನೆಲ ಎಷ್ಟು ಕಾದಿದ್ದರೆ, ಮೇಲೆ ಗಾಳಿ ಎಷ್ಟು ತಂಪಾಗಿದ್ದರೆ, ಆಟ ಅಷ್ಟು ಜೋರು. 2014ರ ಫೆಬ್ರುವರಿ-ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಬಹುಭಾಗಕ್ಕೆ ಈ ಏಟು ಬಿತ್ತು. 2023ರ ಏಪ್ರಿಲ್‌ನಲ್ಲಿ ಬಾಗ್ಲಾಣಕ್ಕೆ. 2025ರಲ್ಲಂತೂ ಮೇ ತಿಂಗಳಿಡೀ ಅವಕಾಳಿ. ಅದು ನಿಲ್ಲುವ ಮೊದಲೇ, ಜೂನ್ 1ರ ಸುಮಾರಿಗೆ ಕೇರಳಕ್ಕೆ ಬರಬೇಕಾದ ಮುಂಗಾರು ಮೇ 24ಕ್ಕೇ ಬಂದು, 26ಕ್ಕೆ ಮುಂಬಯಿ ಮುಟ್ಟಿತು.

ಸಟಾಣಾ ಕಡೆಯ ಒಬ್ಬ ರೈತ ಮಹಿಳೆ ಪ್ರತಿ ವರ್ಷ ನಮಗೆ ಒಂದು ಚೀಲ ಉಳ್ಳಾಗಡ್ಡಿ ಕಳಿಸುತ್ತಾರೆ. ಆ ತಿಂಗಳು ಫೋನ್ ಮಾಡಿದರೆ ಕ್ಷೇಮಸಮಾಚಾರಕ್ಕಿಂತ ಮೊದಲು, "ನಿಮ್ಮಲ್ಲಿ ಮೋಡ ಇದೆಯಾ?" ಎಂದು ಕೇಳುತ್ತಿದ್ದರು. ಅದೇ ವಾರ ಧಾರವಾಡದಿಂದ ತಂಗಿಯ ಫೋನು: "ಅಕ್ಕಾ, ಅಡ್ಡಮಳಿ ಭಾಳ ಛಲೋ ಆತು!" ಇಬ್ಬರಿಗೂ ನಾನು ಹೂಂ ಎಂದೆ. ಇಬ್ಬರದೂ ನಿಜವಾಗಿತ್ತಲ್ಲ.

ನಿಮಗೆ ಶಾಲೆಯಲ್ಲಿ ಅವಕಾಳಿ ಎಂಬ ಶಬ್ದ ತಾನಾಗಿ ಸಿಗುತ್ತದೆ. ಅಡ್ಡಮಳೆ ಮನೆಯಲ್ಲಿ ಮಾತ್ರ ಸಿಕ್ಕೀತು. ಮುಂದಿನ ಬೇಸಿಗೆಯಲ್ಲಿ ಊರಿಗೆ ಮಾತಾಡುವಾಗ ಭರಣಿ ಆಯಿತೇ, ಕೃತ್ತಿಕಾ ಹೇಗೆ, ರೋಹಿಣಿ ಯಾವಾಗ ಎಂದು ಅಜ್ಜಿಯನ್ನು ಕೇಳಿ. ಆಮೇಲೆ ನಿಮ್ಮ ತರಗತಿಯಲ್ಲಿ ಹಳ್ಳಿಯಿಂದ ಬರುವ ಗೆಳೆಯರಿದ್ದರೆ, ಅವರ ಉಳ್ಳಾಗಡ್ಡಿ ಒಳಗೆ ಸೇರಿತೇ ಎಂದೂ ಕೇಳಿ.