ಆಸ್ಪತ್ರೆ ಡೈರಿ – 6: ನಂಗೆ ನೆನಪಿದೆ, ಡಾಕ್ಟ್ರೇ

"ಏನೂ ಗೊತ್ತಾಗಲ್ಲ, ನಿದ್ದೆ ಬಂದ್ಬಿಡತ್ತೆ."

ಎಂಡೋಸ್ಕೋಪಿಗೋ ಕೊಲೊನೋಸ್ಕೋಪಿಗೋ ಹೋಗಿದ್ದರೆ ನಿಮಗೂ ಈ ಮಾತು ಹೇಳಿರ್ತಾರೆ. ಹೆಚ್ಚಿನವರ ಮಟ್ಟಿಗೆ ಅದು ನಿಜವೂ ಆಗತ್ತೆ. ಆಗದೇ ಹೋದವರಿಗಾಗಿ ಈ ಪೋಸ್ಟ್. ಹೋದ ಭಾಗದಲ್ಲಿ ಬಯಾಪ್ಸಿ ಬಗ್ಗೆ ಬರೆದಾಗ ನಿಮ್ಮಲ್ಲೇ ಒಬ್ಬರು ಇನ್‌ಬಾಕ್ಸಿಗೆ ಬಂದು, "ಅಕ್ಕಾ, ನಂಗೆ ಅರ್ಧದಲ್ಲಿ ಎಚ್ಚರ ಇತ್ತು, ಮನೇಲಿ ಯಾರೂ ನಂಬ್ತಿಲ್ಲ" ಅಂದಿದ್ರಿ. ನಾನು ನಂಬ್ತೀನಿ. ಯಾಕೆ ಅಂತ ಹೇಳ್ತೀನಿ.

ಕನ್ನಡದಲ್ಲಿ ಅರಿವಳಿಕೆ ಅಂತ ಒಂದು ಪದ ಇದೆಯಲ್ಲ, ಅರಿವು ಅಳಿಯೋದು. ದೊಡ್ಡ ಆಪರೇಷನ್ನಿಗೆ ಕೊಡೋ ಜನರಲ್ ಅನಸ್ತೇಶಿಯಾಕ್ಕೆ ಆ ಪದ ಸರಿಯಾಗಿ ಹೊಂದತ್ತೆ. ಆದರೆ ಎಂಡೋಸ್ಕೋಪಿ ಕೋಣೆಯಲ್ಲಿ ಎಷ್ಟೋ ಸಲ ಕೊಡೋದು ಅದಲ್ಲ, ಸೆಡೇಶನ್. ಮಂಪರು ಅನ್ನಿ. ಮಧ್ಯಮ ಮಟ್ಟದ ಸೆಡೇಶನ್ ಅಂದ್ರೆ ರೋಗಿ ತಾನಾಗೇ ಉಸಿರಾಡ್ತಿರಬೇಕು, ಮಾತಾಡಿಸಿದ್ರೆ ಓಗೊಡಬೇಕು, "ಸ್ವಲ್ಪ ತಿರುಗಿ" ಅಂದ್ರೆ ತಿರುಗಬೇಕು. ಅದರ ವ್ಯಾಖ್ಯೆಯೇ ಅದು. ಅಂದ್ರೆ ಸ್ವಲ್ಪ ಎಚ್ಚರ ಇರೋದು ಎಡವಟ್ಟಲ್ಲ, ಲೆಕ್ಕದಲ್ಲೇ ಇರೋ ವಿಷಯ.

ಹಾಗಾದ್ರೆ "ಏನೂ ಗೊತ್ತಾಗಲ್ಲ" ಅನ್ನೋದು ಎಲ್ಲಿಂದ ಬಂತು? ಮಿಡಜೋಲಾಮ್ ಅನ್ನೋ ಇಂಜೆಕ್ಷನ್ನಿನಿಂದ. ಅದು ಆತಂಕ ಇಳಿಸತ್ತೆ, ಮಂಪರು ತರತ್ತೆ, ಜೊತೆಗೆ ಹೊಸ ನೆನಪು ಅಚ್ಚಾಗದ ಹಾಗೆ ತಡೆಯತ್ತೆ. ನೋವು ಕೊಲ್ಲೋ ಔಷಧ ಅದಲ್ಲ. ಅದಕ್ಕೇ ಬಹಳ ಕಡೆ ಜೊತೆಗೆ ಫೆಂಟನಿಲ್‌ನಂಥದ್ದು ಕೊಡ್ತಾರೆ. ಹಾಗಾಗಿ ಒಳಗೆ ನರಳಿದವರೂ ಸಂಜೆ ಹೊತ್ತಿಗೆ "ಒಂಚೂರೂ ಗೊತ್ತಾಗ್ಲಿಲ್ಲ" ಅನ್ನಬಹುದು. ಸುಳ್ಳಲ್ಲ, ಅವರ ಹತ್ರ ಆ ಹೊತ್ತಿನ ನೆನಪೇ ಇರಲ್ಲ. ಆದ್ರೆ ಔಷಧಿ ಎಲ್ಲರಿಗೂ ಒಂದೇ ಥರ ಹತ್ತಲ್ಲ. ನಿದ್ದೆ ಮಾತ್ರೆ ಅಭ್ಯಾಸ ಇರೋರಿಗೆ, ದಿನಾ ಕುಡಿಯೋರಿಗೆ ಕಡಿಮೆ ಹತ್ತಬಹುದು. ನಾನು ಎರಡರಲ್ಲೂ ಇಲ್ಲ. ಆದ್ರೂ ಉಳೀತು.

ಮೂರು ವರ್ಷದ ಹಿಂದಿನ ಮಾತು. ಎಡ ಮಗ್ಗುಲಿಗೆ ಮಲಗಿಸಿದ್ರು. ಇಂಜೆಕ್ಷನ್ ಹೋದ ಮೇಲೆ ನಾಲಿಗೆ ದಪ್ಪ ಆಯ್ತು, ಆಮೇಲೆ ಒಂದು ತುಂಡು ಕತ್ತಲೆ, ಆಮೇಲೆ ನೋವು. ದೊಡ್ಡ ಕರುಳಿನ ತಿರುವು ದಾಟುವಾಗ ಕೊಳವೆ ಕರುಳನ್ನ ಹಿಗ್ಗಿಸತ್ತೆ, ಅದರ ನೋವು ಅದು ಅಂತ ಆಮೇಲೆ ಓದಿ ತಿಳ್ಕೊಂಡೆ. ಆವತ್ತು ಮಾತ್ರ ಹೊಟ್ಟೆಯೊಳಗೆ ಯಾರೋ ಬಾವಿ ಹಗ್ಗ ಜಗ್ಗಿದ ಹಾಗಿತ್ತು. "ನೋವಾಗ್ತಿದೆ, ನಿಲ್ಸಿ" ಅಂದೆ. ಅಂದಿದ್ದು ಖಾತ್ರಿ, ಯಾಕಂದ್ರೆ ಉತ್ತರವೂ ಕೇಳಿಸ್ತು. "ಆಯ್ತಮ್ಮಾ, ಇನ್ನೆರಡು ನಿಮಿಷ." ಅದರ ಹಿಂದೆಯೇ ಇನ್ನೊಂದು ದನಿ, ನನಗಲ್ಲ, ಪಕ್ಕದವರಿಗೆ:

"ಬಿಡಿ, ಇವ್ರಿಗೆ ಇದೆಲ್ಲ ನೆನಪಿರಲ್ಲ."

ತಮಾಷೆ ಏನು ಗೊತ್ತಾ? ಆಮೇಲೆ ರಿಕವರಿ ರೂಮಲ್ಲಿ "ಪಾಲಿಪ್ ಇತ್ತಂತಾ?" ಅಂತ ನಮ್ಮನೆಯವರನ್ನ ಐದು ಸಲ ಕೇಳಿದೆನಂತೆ. ಡಾಕ್ಟ್ರು ಬಂದು, ಒಂದು ಪಾಲಿಪ್ ತೆಗೆದಿದ್ದೀವಿ, ಮೂರು ವರ್ಷಕ್ಕೆ ಮತ್ತೆ ನೋಡ್ಬೇಕು ಅಂದಾಗ ಗಂಭೀರವಾಗಿ ತಲೆ ಬೇರೆ ಆಡಿಸಿದೆನಂತೆ. ಅದ್ಯಾವುದೂ ನೆನಪಿಲ್ಲ. (ಅದಕ್ಕೇ ಜೊತೆಗೊಬ್ಬರು ಇರಲೇಬೇಕು. ಡಾಕ್ಟ್ರ ಮಾತು ಅವರೇ ಕೇಳಿಸ್ಕೊಂಡು ಬರೆದಿಡ್ಲಿ. 24 ಗಂಟೆ ಗಾಡಿ ಓಡಿಸೋದು, ಮುಖ್ಯವಾದ ಕಾಗದಕ್ಕೆ ಸಹಿ ಹಾಕೋದು ಬೇಡ.)

ಹೊರಡುವಾಗ ಸಿಸ್ಟರ್‌ಗೆ ಹೇಳಿದೆ. "ಕನಸು ಬಿದ್ದಿರತ್ತೆ ಮೇಡಂ" ಅಂತ ನಕ್ಕರು. ಮನೇಲಿ ಅತ್ತೆ, "ಮುಗೀತಲ್ಲ, ಬಿಡಮ್ಮಾ" ಅಂದ್ರು. ಅವರ ಪ್ರೀತಿ ಅದು, ಅರ್ಥ ಆಗತ್ತೆ. ನೋವು ಎರಡು ವಾರದಲ್ಲಿ ಮಸುಕಾಯ್ತು. ಆ ವಾಕ್ಯ ಮಾತ್ರ ಹೋಗ್ಲಿಲ್ಲ. ರಾತ್ರಿ ಎಡ ಮಗ್ಗುಲಿಗೆ ಹೊರಳಿದ್ರೆ ಸಾಕು, ಕಿವಿ ಹತ್ರವೇ ಬಂದು ನಿಲ್ತಿತ್ತು. ನೆನಪಿರಲ್ಲ ಅಂದ ಮೇಲೆ ಆಗಿದ್ದು ಆಗಿಯೇ ಇಲ್ಲ ಅಂತ ಲೆಕ್ಕವಾ?

ಇದನ್ನೇ ಹುಡುಕ್ತಾ ಹೋದಾಗ ಒಂದು ಹಳೇ ಕಥೆ ಸಿಕ್ತು. 1846ರ ಅಕ್ಟೋಬರ್ 16, ಬಾಸ್ಟನ್ನಿನ ಮಸಾಚುಸೆಟ್ಸ್ ಜನರಲ್ ಆಸ್ಪತ್ರೆ. ವಿಲಿಯಂ ಮಾರ್ಟನ್ ಅನ್ನೋ ದಂತವೈದ್ಯ ಎಲ್ಲರೆದುರು ಈಥರ್ ಮೂಸಿಸಿದ, ಸರ್ಜನ್ ವಾರೆನ್ ರೋಗಿಯ ಕುತ್ತಿಗೆಯ ಗಡ್ಡೆಗೆ ಕತ್ತಿ ಹಾಕಿದ್ರು. ಅರಿವಳಿಕೆಯ ಚರಿತ್ರೆ ಅಂದ್ರೆ ಎಲ್ಲರೂ ಹೇಳೋ ದಿನ ಅದು. ಆ ರೋಗಿ ಗಿಲ್ಬರ್ಟ್ ಅಬಟ್ ಆಮೇಲೆ ಹೇಳಿದ್ದೇನು? ಆಪರೇಷನ್ ನಡೀತಿರೋದು ಗೊತ್ತಾಗ್ತಿತ್ತು, ನೋವು ಮಾತ್ರ ಆಗ್ಲಿಲ್ಲ ಅಂತ! ಆ ದೊಡ್ಡ ದಿನದಲ್ಲೂ ರೋಗಿಯನ್ನ ಕೇಳಿದ್ರು, ಅವನು ಹೇಳಿದ್ದನ್ನ ಬರೆದಿಟ್ರು. ನನಗೆ ಈಥರಿಗಿಂತ ಅದೇ ದೊಡ್ಡದಾಗಿ ಕಂಡಿತು.

ಇನ್ನೊಂದು ಇತ್ತೀಚಿನದು. ಬ್ರಿಟನ್ ಮತ್ತು ಐರ್ಲೆಂಡಿನ ಅನಸ್ತೇಶಿಯಾ ವೈದ್ಯರು ದೇಶದುದ್ದಕ್ಕೂ ಇಂಥ ದೂರುಗಳನ್ನ ಕಲೆಹಾಕಿ 2014ರಲ್ಲಿ ವರದಿ ತಂದ್ರು, ನ್ಯಾಪ್ 5 ಅಂತ. ಜನರಲ್ ಅನಸ್ತೇಶಿಯಾದಲ್ಲಿ ಎಚ್ಚರವಾಗಿದ್ದೆ ಅಂತ ರೋಗಿಗಳು ಹೇಳಿದ್ದು ಸುಮಾರು 19,000ಕ್ಕೆ ಒಂದು. ತುಂಬಾ ಅಪರೂಪ, ಆಪರೇಷನ್ ಇರೋರು ಇದನ್ನ ಓದಿ ಹೆದರ್ಕೋಬೇಡಿ. ಆದ್ರೆ ಬಂದ ದೂರುಗಳಲ್ಲಿ ಸುಮಾರು ಐದನೇ ಒಂದು ಪಾಲು ಸೆಡೇಶನ್ ತಗೊಂಡವರದು. ಪೂರ್ತಿ ನಿದ್ದೆ ಬರತ್ತೆ ಅಂದ್ಕೊಂಡು ಹೋಗಿದ್ದವರು. ವರದಿ ಅದನ್ನ ಔಷಧಿಯ ಸೋಲಿಗಿಂತ ಮಾತಿನ ಸೋಲು ಅಂತಲೇ ನೋಡತ್ತೆ.

ಹೋದ ತಿಂಗಳು ನನ್ನ ಮೂರು ವರ್ಷ ತುಂಬಿತು. ಹೋಗದೇ ಇರೋ ಹಾಗಿಲ್ಲ, ಪಾಲಿಪ್ ಬಿಟ್ರೆ ಕೆಲವು ಮುಂದೆ ಕ್ಯಾನ್ಸರ್ ಆಗಬಹುದು. ಈ ಸಲ ಬೇರೆ ಡಾಕ್ಟ್ರು. ಕೂತ ಕೂಡಲೇ ಹೇಳಿದೆ: ಹೋದ ಸಲ ನಂಗೆ ಎಚ್ಚರ ಇತ್ತು, ನಿಲ್ಸಿ ಅಂದೆ, ನಿಲ್ಲಿಸ್ಲಿಲ್ಲ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದ್ರು. ಅನಸ್ತೇಶಿಯಾ ಡಾಕ್ಟ್ರನ್ನ ಕರೆಸಿ ಪ್ರೊಪೋಫಾಲ್ ಕೊಡಿಸ್ಬಹುದು, ಆಳವಾದ ನಿದ್ದೆ ಬರತ್ತೆ. ಇಲ್ಲಾಂದ್ರೆ ಹಿಂದಿನ ಥರದ್ದೇ ಮಂಪರು, ಆದ್ರೆ ನೀವು ಬಲಗೈ ಎತ್ತಿದ್ರೆ ನಾನು ನಿಲ್ಲಿಸ್ತೀನಿ ಅಂದ್ರು. ಎಡ ಮಗ್ಗುಲಿಗೆ ಮಲಗಿದಾಗ ಬಲಗೈ ತಾನೇ ಖಾಲಿ ಇರೋದು.

ನಾನು ಎರಡನೇದು ಆರಿಸ್ಕೊಂಡೆ. ಮನೇಲಿ ಎಲ್ಲರೂ ಹುಚ್ಚು ಅಂದ್ರು.

ಎರಡು ಸಲ ಕೈ ಎತ್ತಿದೆ. ಎರಡು ಸಲವೂ ಕೊಳವೆ ನಿಂತಿತು. ಒಂದ್ಸಲ ಗಾಳಿ ಎಳೆದು ತೆಗೆದ್ರು, ಇನ್ನೊಂದ್ಸಲ ಅಂಗಾತ ತಿರುಗಿಸಿದ್ರು. "ಈಗ ತಿರುವು ಬರತ್ತೆ, ಸ್ವಲ್ಪ ಹಿಡಿಯತ್ತೆ" ಅಂತ ಮೊದಲೇ ಹೇಳ್ತಿದ್ರು. ಸಿಸ್ಟರ್ ಕೈ ನನ್ನ ಹೆಗಲ ಮೇಲೆ ಇತ್ತು. ನೋವು ಆಯ್ತು, ಆಗಲಿಲ್ಲ ಅಂದ್ರೆ ಸುಳ್ಳು. ಮುಕ್ಕಾಲು ಪಾಲು ನೆನಪೂ ಇದೆ. ಆದ್ರೆ ಅದು ರಾತ್ರಿ ಎಬ್ಬಿಸಲ್ಲ.

ಎಲ್ಲರೂ ಹೀಗೇ ಮಾಡಿ ಅಂತ ಹೇಳ್ತಿಲ್ಲ. ಗಾಢ ನಿದ್ದೆ ಬೇಕಿದ್ರೆ ಕೇಳಿ, ಅದು ನಿಮ್ಮ ಹಕ್ಕು. ಹಿಂದಿನ ಸಲದ ನೆನಪು ಇದ್ರೆ ಇಂಜೆಕ್ಷನ್ನಿಗೆ ಮುಂಚೆಯೇ ಹೇಳಿ, ಕೇಸ್ ಶೀಟಲ್ಲಿ ಬರೆಸಿ. ನಿದ್ದೆ ಮಾತ್ರೆ, ಕುಡಿತ ಇದ್ರೆ ಮುಚ್ಚಿಡಬೇಡಿ. ಮನೆಯವರು "ನಂಗೆ ಗೊತ್ತಾಗ್ತಿತ್ತು" ಅಂದ್ರೆ ಕನಸು ಅನ್ನದೆ, ಏನು ಕೇಳಿಸ್ತು ಅಂತ ಕೇಳಿ.

ನಿಮಗೂ ಹೀಗಾಗಿದ್ರೆ ಕಮೆಂಟಲ್ಲಿ ಬರೀರಿ, ಆಸ್ಪತ್ರೆ ಹೆಸರು ಬೇಡ. ಮುಂದಿನ ಭಾಗದಲ್ಲಿ ಹಿಂದಿನ ರಾತ್ರಿ ಕುಡಿಯೋ ಆ ಹೊಟ್ಟೆ ತೊಳೆಯೋ ಪುಡಿ ನೀರಿನ ಕಥೆ. ಅದನ್ನ ಮರೆಸೋ ಇಂಜೆಕ್ಷನ್ ಯಾರೂ ಕೊಡಲ್ಲ.

#ಆಸ್ಪತ್ರೆಡೈರಿ