ಕೌಟಿಲ್ಯ ಮಾರ್ಗದಲ್ಲಿ ಒಂದು ಸಂಜೆ

ದಿಲ್ಲಿಯ ಚಾಣಕ್ಯಪುರಿಯನ್ನು ಲೋಕವೆಲ್ಲ ರಾಯಭಾರ ಕಚೇರಿಗಳ ಬಡಾವಣೆಯೆಂದು ತಿಳಿದಿದೆ. ನಮ್ಮಂಥ ಪರಸ್ಥಳದ ಕನ್ನಡಿಗರಿಗೆ ಮಾತ್ರ ಅದು ಕೌಟಿಲ್ಯ ಮಾರ್ಗದ ಕರ್ನಾಟಕ ಭವನ. ಊರಿನಿಂದ ಬಂದಿದ್ದ ನೆಂಟರನ್ನು ಕಾಣಲೆಂದು ಮೊನ್ನೆ ಸಂಜೆ ಮೊಮ್ಮಗಳೊಡನೆ ಅಲ್ಲಿಗೆ ಹೋಗಿದ್ದೆ. ಕುತುಬ್ ಮಿನಾರ್ ನೋಡಹೋದವರು ಇನ್ನೂ ಹಿಂದಿರುಗಿರಲಿಲ್ಲ. ಸುಮ್ಮನೆ ಕೂರುವುದೇಕೆಂದು ಮರಗಳ ನೆರಳಿನಲ್ಲಿ ನಡೆಯತೊಡಗಿದೆವು.

“ತಾತ, ಈ ಕೌಟಿಲ್ಯ ಯಾರು?”

“ಚಾಣಕ್ಯನೇ ಮಗು. ಅರ್ಥಶಾಸ್ತ್ರ ಬರೆದವನು.”

“ಅದರಲ್ಲಿ ಅವನ ಕಥೆಯೂ ಇದೆಯಾ?”

ಒಳ್ಳೆಯ ಪ್ರಶ್ನೆ. ತೆರಿಗೆ, ಕೋಟೆ, ಗೂಢಚಾರರವರೆಗೆ ಎಲ್ಲವನ್ನೂ ಬಿಡಿಸಿ ಹೇಳುವ ಆ ಗ್ರಂಥದ ಕೊನೆಯಲ್ಲಿ ಒಂದು ಶ್ಲೋಕವಿದೆ. ನಂದರ ಹಿಡಿತದಿಂದ ಶಾಸ್ತ್ರವನ್ನೂ ಶಸ್ತ್ರವನ್ನೂ ಭೂಮಿಯನ್ನೂ ಬಿಡಿಸಿದವನೇ ಇದನ್ನು ರಚಿಸಿದನೆಂದು ಅದರ ತಾತ್ಪರ್ಯ. ಅಷ್ಟರಲ್ಲೇ ಆತ್ಮಕಥೆ ಮುಗಿಯಿತು!

ಆ ಗ್ರಂಥ ಮತ್ತೆ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಗರಿಯ ಕಟ್ಟನ್ನು ಓರಿಯೆಂಟಲ್ ಲೈಬ್ರರಿಯ ಆರ್. ಶಾಮಾಶಾಸ್ತ್ರಿಗಳು ಓದಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಇದನ್ನು ಕೇಳಿ ಹುಡುಗಿ ಹಿಗ್ಗಿದಳು. ನನಗೋ ಬೇರೊಂದು ಕಾಗದದ ಕಟ್ಟು ನೆನಪಾಗಿ ಮನಸ್ಸು ಭಾರವಾಯಿತು.

ನಮ್ಮ ತಂದೆ ನೌಕರಿಗಾಗಿ ದಿಲ್ಲಿಗೆ ಬಂದವರು. ಹಗಲೆಲ್ಲ ಕಡತ, ರಾತ್ರಿ ನಾಟಕ. ಇಲ್ಲಿನ ಗೆಳೆಯರಿಗಾಗಿ ಏಕಾಂಕಗಳನ್ನು ಬರೆದು ತಾವೇ ಆಡಿಸುತ್ತಿದ್ದರು. ಹೊಸ ಕಾಗದ ದುಬಾರಿಯೆಂದು ಹಾಳೆಗಳ ಹಿಂಬದಿಯಲ್ಲೇ ಬರೆಯುತ್ತಿದ್ದರು. ಮನೆ ಬದಲಿಸುವಾಗ ಆ ಕಟ್ಟನ್ನು ರದ್ದಿಯವನಿಗೆ ತೂಕಕ್ಕೆ ಹಾಕಿದವನು ನಾನೇ. ಅವರು ಬೈಯಲಿಲ್ಲ. “ಹೋಗಲಿ ಬಿಡು, ಆಡಿ ಮುಗಿಸಿದ್ದಾಯಿತಲ್ಲ” ಎಂದರು. ಆಮೇಲೆ ಇಪ್ಪತ್ತು ವರ್ಷ ನಮ್ಮೊಡನೆಯೇ ಇದ್ದರು. ಏಕೆ ಬರೆದಿರಿ, ಹೇಗೆ ಬರೆದಿರಿ ಎಂದು ಒಂದು ದಿನವೂ ನಾನು ಕೇಳಲಿಲ್ಲ.

ಬಿ.ವಿ. ಕಾರಂತರನ್ನು ನೆನೆದಾಗಲೆಲ್ಲ ಈ ಕೊರಗು ಹೆಚ್ಚುತ್ತದೆ. ದಕ್ಷಿಣ ಕನ್ನಡದ ಹಳ್ಳಿಯಿಂದ ಹೊರಟು, ಗುಬ್ಬಿ ಕಂಪನಿ ಸೇರಿ, ಕಾಶಿಯಲ್ಲಿ ಓದಿ, ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಗೆ ವಿದ್ಯಾರ್ಥಿಯಾಗಿ ಬಂದವರು. 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. ತಮ್ಮ ಬಾಳನ್ನೂ ರಂಗದ ಕೆಲಸವನ್ನೂ ಅವರು ಹೇಳುತ್ತ ಹೋದರು, ವೈದೇಹಿಯವರು ಬರೆದುಕೊಂಡರು. ಆ ಆತ್ಮಕಥೆಯ ಹೆಸರು ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’. ಊರು ಬಿಟ್ಟ ನಮ್ಮಂಥವರಿಗೆ ಆ ಹೆಸರೊಂದೇ ಸಾಕು, ಎದೆ ಝಲ್ಲೆನ್ನಲು. ಕಾರಂತರು 2002ರಲ್ಲಿ ತೀರಿಕೊಂಡರು. ಕೇಳುವ ಕಿವಿಯೊಂದು ಸಕಾಲದಲ್ಲಿ ದೊರೆತದ್ದರಿಂದ ಅವರ ಮಾತು ನಮಗೆ ಉಳಿಯಿತು.

ವಾಚಕ ಬಂಧುಗಳೆ, ನಿಮ್ಮ ಮನೆಯಲ್ಲೂ ಹಾಡು ಕಟ್ಟಿದ ಅಜ್ಜಿಯೋ ಚಿತ್ರ ಬರೆದ ಸೋದರಮಾವನೋ ಇದ್ದಾರು. ಇಂದೇ ಹತ್ತಿರ ಕುಳಿತು ಕೇಳಿ.

“ಮುತ್ತಾತನ ನಾಟಕ ನಿಮಗೆ ಸ್ವಲ್ಪವೂ ನೆನಪಿಲ್ಲವಾ?” ಎಂದಳು ಮೊಮ್ಮಗಳು. ಒಂದರಲ್ಲಿ ನಾನು ಬಾಲಪಾತ್ರ ವಹಿಸಿದ್ದೆ. ತಡವರಿಸುತ್ತ ನಾಲ್ಕು ಮಾತು ಹೇಳಿದೆ. ಅವಳು ಚೀಲದಿಂದ ಯಾವುದೋ ಹಳೆಯ ರಶೀದಿ ತೆಗೆದು, ಹಿಂಬದಿಯಲ್ಲಿ ಬರೆದುಕೊಂಡಳು. ಅಷ್ಟರಲ್ಲಿ ನೆಂಟರ ಟ್ಯಾಕ್ಸಿ ಬಂತು.

“ಆಮೇಲೆ ಏನಾಯಿತು ತಾತ?” ಎಂದು ಅವಳು ಅಲ್ಲೇ ನಿಂತಳು.