ಹಾಲಿನ ಗೋಡೆಯ ಮೇಲಿರುವ ಬಾತುಗಳು

ನಮ್ಮ ಚರ್ಚ್ ಹಾಲಿನಲ್ಲಿ ಕೇರಂ ಬೋರ್ಡಿನ ಮೇಲ್ಗಡೆ ತೂಗುಹಾಕಿರುವ ಬಾತುಗಳ ಫೋಟೋವನ್ನು ನೀವೆಲ್ಲ ನೋಡಿದ್ದೀರಿ. ಬೆಳಗಿನ ಮಂಜು, ಹಿಂದೆ ಕಿತ್ತಳೆ ಬಣ್ಣದ ಬೆಳಕು, ನೀರಿನಿಂದ ಒಟ್ಟಿಗೆ ಮೇಲೆದ್ದ ಮೂವತ್ತು ಬಾತುಗಳು. ಅದನ್ನು ತೆಗೆದವನು ನಾನೇ. "ಎಷ್ಟು ಹೊತ್ತು ಕಾದೆ ಮಗನೇ?" ಎಂದು ಕೇಳಿದವರ ಮುಂದೆಲ್ಲ ನಕ್ಕು ಸುಮ್ಮನಾಗಿದ್ದೇನೆ. ನಿಜ ಹೇಳಬೇಕೆಂದರೆ, ಎರಡು ನಿಮಿಷವೂ ಕಾದಿರಲಿಲ್ಲ.

ಈ ಹುಚ್ಚು ಹತ್ತಿದ್ದು ಗೋದಲಿಗೆ ಹುಲ್ಲು ತರಲು ಹೋದಾಗ. ಜೂಜುವಾಡಿ ಎಂದರೆ ಹೊರಗಿನವರಿಗೆ ಚೆಕ್‌ಪೋಸ್ಟ್, ಲಾರಿಗಳ ಸಾಲು, ಸಿಪ್‌ಕಾಟ್ ಕಾರ್ಖಾನೆಗಳು. ಇಲ್ಲಿ ಹಕ್ಕಿ ನೋಡಲು ಯಾರು ಬರುತ್ತಾರೆ? ಆದರೆ ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್ ಬೆಳಿಗ್ಗೆ ಬೈಕ್ ಓಡಿಸಿದರೆ ಬೆರಳು ಮರಗಟ್ಟುತ್ತದೆ. ಅಂಥ ಒಂದು ಬೆಳಿಗ್ಗೆ ಕೆರೆಯಂಚಿನಲ್ಲಿ ಬಾಲ ಕುಣಿಸುತ್ತ ಓಡಾಡುವ ಹಳದಿ ಸಿಪಿಲೆಯನ್ನು ಕಂಡೆ. ಬೆಂಕಿಪೊಟ್ಟಣದಷ್ಟೂ ತೂಕವಿರದ ಹಾಗೆ ಕಾಣುವ ಆ ಹಕ್ಕಿ ಚಳಿ ದೇಶಗಳಿಂದ ಹಿಮಾಲಯದ ಆಚೆಯ ದಾರಿ ಹಿಡಿದು ಬರುತ್ತದೆ ಎಂದು ಆಮೇಲೆ ಓದಿದೆ. ಹುಲ್ಲು ಮರೆತು ಮನೆಗೆ ಬಂದಿದ್ದಕ್ಕೆ ಬೈಗುಳವೂ ಸಿಕ್ಕಿತು.

ಮುಂದಿನ ವರ್ಷ, ಮದುವೆ ಫೋಟೋ ತೆಗೆಯುವ ಅಣ್ಣನ ಕ್ಯಾಮೆರಾ ಮತ್ತು 300 ಎಂಎಂ ಲೆನ್ಸ್ ಬೇಡಿಕೊಂಡು ಕೆಲವರಪಳ್ಳಿ ಅಣೆಕಟ್ಟಿಗೆ ಹೋದೆ. ದಕ್ಷಿಣ ಪಿನಾಕಿನಿ ಗೊತ್ತಲ್ಲ, ನಂದಿ ಬೆಟ್ಟದ ಕಡೆ ಹುಟ್ಟಿ, ಬೆಂಗಳೂರಿನ ಕೊಳೆನೀರನ್ನೂ ಹೊತ್ತು ನಮ್ಮ ಕಡೆ ಬರುವ ನದಿ. ಷಟರ್ ತೆರೆದಾಗ ಎದ್ದ ನೊರೆಯ ಗುಡ್ಡೆಗಳನ್ನು ಟಿವಿಯಲ್ಲೂ ತೋರಿಸಿದ್ದಾರೆ. ಅಂಥ ನೀರಿನ ಮೇಲೂ ಬಾತುಗಳಿದ್ದವು. ಕಂದು ತಲೆ, ಕತ್ತಿನ ಪಕ್ಕಕ್ಕೆ ಏರಿದ ಬಿಳಿ ಗೆರೆ, ಮೊನಚು ಬಾಲ: ಸೂಜಿಬಾಲದ ಬಾತು. ಸೈಬೀರಿಯಾದಂಥ ಉತ್ತರದ ನಾಡುಗಳಲ್ಲಿ ಮರಿ ಮಾಡಿ, ಅಲ್ಲಿ ನೀರು ಹೆಪ್ಪುಗಟ್ಟುವ ಮುಂಚೆ ಇತ್ತ ಹೊರಡುತ್ತವೆ.

ಆದರೆ ಅವು ನಿದ್ದೆ ಮಾಡುತ್ತಿದ್ದವು. ಕೊಕ್ಕನ್ನು ಬೆನ್ನಿನ ಗರಿಯೊಳಗೆ ಸಿಕ್ಕಿಸಿಕೊಂಡು, ತೇಲುವ ಮಡಕೆಗಳ ಹಾಗೆ. ನನಗೆ ಬೇಕಾಗಿದ್ದು ಹಾರುವ ಫೋಟೋ. ಕ್ಯಾಮೆರಾ ಸಂಜೆಯೊಳಗೆ ವಾಪಸ್ ಕೊಡಬೇಕಿತ್ತು. ಷಟರ್ ವೇಗ 1/1600ಕ್ಕೆ ಇಟ್ಟು, ಎಡಗೈಯಲ್ಲಿ ಒಂದು ಕಲ್ಲು ತೆಗೆದು ಎಸೆದೆ.

ಫೋಟೋ ಚೆನ್ನಾಗಿಯೇ ಬಂತು. ದಡಕ್ಕೆ ಮೆತ್ತಿದ್ದ ನೊರೆಯನ್ನು ಆಮೇಲೆ ಕತ್ತರಿಸಿದೆ. ಗೋಡೆಯ ಮೇಲಿನ ಫೋಟೋ ಅಷ್ಟು ಅಗಲ, ಅಷ್ಟು ಗಿಡ್ಡ ಇರುವುದು ಅದಕ್ಕೇ.

ಬಲೆ ಬಿಡಿಸುತ್ತಿದ್ದ ಮೀನುಗಾರ ತಾತ ಮಾತ್ರ ನೋಡಿಬಿಟ್ಟಿದ್ದರು. ಜಗಳಕ್ಕೆ ಬರಲಿಲ್ಲ. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ, "ರಾತ್ರಿಯೆಲ್ಲ ಮೇದು ಈಗ ಬಂದು ಮಲಗ್ಯವೆ ಕಣಪ್ಪಾ. ನೈಟ್ ಶಿಫ್ಟ್ ಮುಗಿಸಿ ಬಂದೋರ್ನ ಎಬ್ಬಿಸ್ತಾರಾ?" ಎಂದರು, ಅಷ್ಟೇ.

ನನ್ನಪ್ಪ ಕಾರ್ಖಾನೆಯಲ್ಲಿ ನೈಟ್ ಶಿಫ್ಟ್ ಮಾಡುವವರು. ಅವರು ಮಲಗಿದ್ದರೆ ಅಮ್ಮ ಮಿಕ್ಸಿ ಹಾಕುವುದಿಲ್ಲ, ಕುಕ್ಕರ್ ಸೀಟಿಯನ್ನೂ ಕೂಗಲು ಬಿಡುವುದಿಲ್ಲ.

ಓದಿ ನೋಡಿದರೆ ತಾತ ಹೇಳಿದ್ದು ಅಕ್ಷರಶಃ ಸರಿ. ಈ ಬಾತುಗಳು ಚಳಿಗಾಲದಲ್ಲಿ ಹೆಚ್ಚಾಗಿ ಸಂಜೆ, ರಾತ್ರಿ ಮೇಯುತ್ತವೆ, ಹಗಲು ಸುಧಾರಿಸಿಕೊಳ್ಳುತ್ತವೆ. ಬೇಸಿಗೆ ಹತ್ತಿರವಾದಂತೆ ಅಷ್ಟೂ ದೂರ ವಾಪಸ್ ಹೋಗಲು ಮೈಯಲ್ಲಿ ಕೊಬ್ಬು ಕೂಡಿಡಬೇಕು. ಸುಮ್ಮನೆ ಎಬ್ಬಿಸಿ ಹಾರಿಸಿದರೆ ಅದೇ ಕರಗುವುದು. ನಾನು ಎಸೆದಿದ್ದು ಒಂದೇ ಕಲ್ಲು, ಒಪ್ಪುತ್ತೇನೆ. ಆದರೆ ವಾರಕ್ಕೊಬ್ಬ ನನ್ನಂಥವನು ಬಂದರೆ?

ಈ ಜನವರಿಯಲ್ಲಿ ಮತ್ತೆ ಹೋಗಿದ್ದೆ. ಜಾಲಿಗಿಡದ ಮರೆಯಲ್ಲಿ ಮುಕ್ಕಾಲು ಗಂಟೆ ಕೂತೆ. ಕಾಲಿಗೆ ಜೋಮು, ಕಿವಿಗೆ ಸೊಳ್ಳೆ. ಕೊನೆಗೆ ಒಂದು ಗಂಡು ಬಾತು ಕೊಕ್ಕು ಹೊರತೆಗೆದು, ಒಂದು ರೆಕ್ಕೆ, ಒಂದು ಕಾಲು ಉದ್ದಕ್ಕೆ ಚಾಚಿ ಮೈ ಮುರಿಯಿತು, ಥೇಟ್ ಅಪ್ಪ ಮಧ್ಯಾಹ್ನ ಎದ್ದಾಗಿನ ಹಾಗೆ. ಕ್ಲಿಕ್ ಮಾಡಿದೆ. ಫೋಟೋದಲ್ಲಿ ಬಾತು ಕಡ್ಲೆಕಾಯಿಯಷ್ಟಿದೆ. ಅಮ್ಮನಿಗೆ ಬೆರಳಿಟ್ಟು ತೋರಿಸಬೇಕಾಯಿತು. ನೊರೆಯನ್ನೂ ಈ ಸಲ ಹಾಗೇ ಬಿಟ್ಟಿದ್ದೇನೆ.

ಗೋಡೆಯ ಫೋಟೋ ಬದಲಾಯಿಸಬಹುದಾ ಎಂದು ಫಾದರ್‌ ಬಳಿ ಕೇಳಿದೆ. ಯಾಕೆ ಎಂದರು. ಹೇಳಿದೆ. "ಮೊದಲು ಇದನ್ನು ಬರೆದು ಕೊಡು" ಎಂದರು. ಅದಕ್ಕೇ ಈ ಬರಹ.

ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಜನ ತಮ್ಮ ಸುತ್ತಲಿನ ಹಕ್ಕಿಗಳನ್ನು ಎಣಿಸುತ್ತಾರೆ, ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂದು. ಒಂದೆಡೆ ಕನಿಷ್ಠ 15 ನಿಮಿಷ ಎಣಿಸಿ ಇ-ಬರ್ಡ್‌ಗೆ ಹಾಕಿದರೆ ಸಾಕು. ಶನಿವಾರ ಬೆಳಿಗ್ಗೆ ಐದೂವರೆಗೆ ಚರ್ಚ್ ಗೇಟಿನಿಂದ ಹೊರಡುತ್ತೇನೆ. ಬೈಕಿನಲ್ಲಿ ಒಬ್ಬರಿಗೆ ಜಾಗವಿದೆ. ಕೆಂಪು ಸ್ವೆಟರ್ ಬೇಡ, ಮಾಸಲು ಬಣ್ಣದ್ದು ಹಾಕಿಕೊಂಡು ಬನ್ನಿ.